ಬಂದು ಹೋಗುವ ಚೆಕ್ ಎಂಜಿನ್ ಲೈಟ್: ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ

ನೀವು ಕೇಳಿದ್ದು ಇಷ್ಟು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೀರಿ, 2008ರ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಚೆಕ್ ಎಂಜಿನ್ ಲೈಟ್ ಎರಡು ಮೂರು ದಿನ ಉರಿಯುತ್ತದೆ, ಆಮೇಲೆ ತಾನಾಗಿ ಆರುತ್ತದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಉರಿಯುವುದಿಲ್ಲ. ಮುಂದಿನ ತಿಂಗಳು ಸ್ಮಾಗ್ ಟೆಸ್ಟ್ (ಹೊಗೆ ಮಾಲಿನ್ಯದ ಪರೀಕ್ಷೆ) ಬೇರೆ ಇದೆ. ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಖ್ಯೆ, ಅದನ್ನು ಅಳಿಸಿಬಿಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಅಳಿಸಬೇಡಿ. ನಾನು ಅದೇ ತಪ್ಪು ಮಾಡಿ ನಾಲ್ಕು ತಿಂಗಳು ಒದ್ದಾಡಿದೆ.

ಲೈಟ್ ಆರಿತು ಅಂದರೆ ತೊಂದರೆ ಹೋಯಿತು ಅಂತಲ್ಲ. ಹೆಚ್ಚಿನ ದೋಷಗಳಿಗೆ ಸತತ ಎರಡು ಓಡಾಟದಲ್ಲಿ ಕಂಡರೆ ಮಾತ್ರ ಕಂಪ್ಯೂಟರ್ ಲೈಟ್ ಹಚ್ಚುತ್ತದೆ. ಮುಂದೆ ಮೂರು ಓಡಾಟ ಸರಿಯಾಗಿದ್ದರೆ ಆರಿಸುತ್ತದೆ. ಕೋಡ್ ಮಾತ್ರ ಒಳಗೇ ಇರುತ್ತದೆ, ಎಂಜಿನ್ ತಣ್ಣಗಾಗಿ ಮತ್ತೆ ಬಿಸಿಯಾಗುವುದು ಸುಮಾರು 40 ಸಲ ಆಗುವ ತನಕ. ಹಾಗಾಗಿ ಲೈಟ್ ಇಲ್ಲದ ದಿನವೂ ಸ್ಕ್ಯಾನರ್‌ಗೆ ಸಿಗುತ್ತದೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಈಚೆಗೆ ಕಾರುಗಳಲ್ಲೆಲ್ಲ ಈ ಕೋಡ್ ಓದಲು 16 ಪಿನ್ನಿನ ಓಬಿಡಿ ಸಾಕೆಟ್ ಇದೆ, ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ. ಒಂದು ಬ್ಲೂಟೂತ್ ಅಡಾಪ್ಟರ್ ತೆಗೆದುಕೊಂಡರೆ ಫೋನಿನಲ್ಲೇ ಓದಬಹುದು.

ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಇರುತ್ತದೆ. ಎಲ್ಲಕ್ಕಿಂತ ಬೆಲೆಬಾಳುವುದು ಇದೇ. ದೋಷ ಕಂಡ ಗಳಿಗೆಯಲ್ಲಿ ಕಾರಿನ ವೇಗ ಎಷ್ಟಿತ್ತು, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು, ಕೂಲಂಟ್ (ಎಂಜಿನ್ ತಣಿಸುವ ದ್ರವ) ಎಷ್ಟು ಬಿಸಿ, ಎಲ್ಲ ಅಲ್ಲಿ ದಾಖಲಾಗಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು.

ನನ್ನದೂ ಹಳೆಯ ಕನ್ವರ್ಟಿಬಲ್. ವಾರಕ್ಕೊಮ್ಮೆ ಸ್ಕೈಲೈನ್ ಅನ್ನುವ ಬೆಟ್ಟದ ರಸ್ತೆಗೆ ಒಯ್ಯುತ್ತೇನೆ, ಉಳಿದ ದಿನ ನಿಂತೇ ಇರುತ್ತದೆ. ಕೋಡ್ ಪಿ0302 ಬರುತ್ತಿತ್ತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ನಾನು ಪ್ರತಿ ಸಲ ಅಳಿಸುತ್ತಿದ್ದೆ. ಒಬ್ಬ ಮೆಕ್ಯಾನಿಕ್ ನೋಡದೆಯೇ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಹೋಗಿದೆ ಅಂದರು. ಹೊಸ ಕಾಯಿಲ್ ಹಾಕಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಲೈಟ್.

ಆಮೇಲೆ ಫ್ರೀಜ್ ಫ್ರೇಮ್ ತೆಗೆದು ನೋಡಿದೆ. ವೇಗ ಸೊನ್ನೆ, ಕೂಲಂಟ್ 19 ಡಿಗ್ರಿ, ಆರ್‌ಪಿಎಂ 1200. ಬೆಟ್ಟದ ತಿರುವಿನಲ್ಲಿ ಎಳೆಯುವಾಗ ಅಲ್ಲ, ಮನೆ ಮುಂದೆ ಸ್ಟಾರ್ಟ್ ಮಾಡಿದ ಕೂಡಲೇ! ನಾನು ಅಷ್ಟು ದಿನ ಹುಡುಕಿದ್ದೇ ಬೇರೆ ಕಡೆ. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದೆ, ಮೂರನೆಯದನ್ನು ಎರಡಕ್ಕೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0303 ಆಗಬೇಕಿತ್ತು. ಆಗಲಿಲ್ಲ, ಎರಡರಲ್ಲೇ ಉಳಿಯಿತು. ಪ್ಲಗ್ ಬಿಚ್ಚಲು ಹೋದಾಗ ಗೊತ್ತಾಯಿತು, ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿತ್ತು. ಮೇಲಿನ ವಾಲ್ವ್ ಕವರಿನ ಸೀಲ್ ಸೋರುತ್ತಿತ್ತು. ಸೀಲು, ಪ್ಲಗ್ಗು, ಕಾಯಿಲಿನ ರಬ್ಬರ್ ಬೂಟ್ ಬದಲಿಸಿದೆ. ಎರಡು ವರ್ಷವಾಯಿತು, ಲೈಟ್ ಬಂದಿಲ್ಲ. ಈ ಅದಲು ಬದಲು ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಮೊದಲು ಇದನ್ನೇ ಮಾಡಬೇಕಿತ್ತು.

ಗೆಳೆಯರೊಬ್ಬರದು ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅವರಿಗೆ ದಾರಿ ತೋರಿಸಿದ್ದು ಫ್ಯೂಯಲ್ ಟ್ರಿಮ್, ಅಂದರೆ ಕೊರತೆ ತುಂಬಲು ಕಂಪ್ಯೂಟರ್ ಎಷ್ಟು ಹೆಚ್ಚು ಪೆಟ್ರೋಲ್ ಸೇರಿಸುತ್ತಿದೆ ಅನ್ನುವ ಲೆಕ್ಕ. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಓಡುವಾಗ) ಶೇಕಡಾ 20ರ ಹತ್ತಿರ ಇತ್ತು, 2500 ಆರ್‌ಪಿಎಂಗೆ ಏರಿಸಿದರೆ 5ಕ್ಕೆ ಇಳಿಯುತ್ತಿತ್ತು. ಹೀಗೆ ಇಳಿದರೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ ಅಂತ ಹೆಚ್ಚಾಗಿ ಅರ್ಥ. ಆರ್‌ಪಿಎಂ ಏರಿದಂತೆ ಟ್ರಿಮ್ಮೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು. ಗಾಳಿ ಹೋಗುವ ದಾರಿಯೊಳಗೆ ಹೊಗೆ ಬಿಟ್ಟು ನೋಡಿದಾಗ ಬಿರುಕು ಬಿಟ್ಟ ಒಂದು ಸಣ್ಣ ರಬ್ಬರ್ ಪೈಪ್ ಸಿಕ್ಕಿತು. ತಣ್ಣಗಿದ್ದಾಗ ಬಿರುಕು ತೆರೆದುಕೊಳ್ಳುತ್ತಿತ್ತು, ಬಿಸಿಯಾದರೆ ಮುಚ್ಚಿಕೊಳ್ಳುತ್ತಿತ್ತು. ಬಂದು ಹೋಗುವ ಲೈಟಿಗೆ ಅದೇ ಕಾರಣ.

ನಿಮ್ಮದು ಪಿ0455 ಅಥವಾ ಪಿ0456, ಅಂದರೆ ಪೆಟ್ರೋಲ್ ಆವಿಯ ಸೋರಿಕೆ ಆಗಿದ್ದರೆ ಮೊದಲು ಗ್ಯಾಸ್ ಕ್ಯಾಪಿನ (ಪೆಟ್ರೋಲ್ ಟ್ಯಾಂಕಿನ ಮುಚ್ಚಳದ) ರಬ್ಬರ್ ನೋಡಿ. ಬಂಕಿನಲ್ಲಿ ಕ್ಲಿಕ್ ಅಂದ ಮೇಲೂ ತುಂಬಿಸುವ ಅಭ್ಯಾಸ ಇದ್ದರೆ ಬಿಡಿ. ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ಹೋಗಿ ಕೆಡುತ್ತದೆ. ನಿಂತೇ ಇರುವ ಕಾರಿಗೆ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ವೋಲ್ಟೇಜ್ ಬಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಕೋಡ್‌ಗಳು ಬರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಲೈಟ್ ಮಿಣುಕುತ್ತಿದ್ದರೆ ಅದು ಜೋರು ಮಿಸ್‌ಫೈರ್. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಆಕ್ಸಿಲರೇಟರ್ ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಸ್ಮಾಗ್ ಟೆಸ್ಟ್ ವಿಷಯ. 2000 ಮತ್ತು ನಂತರದ ಮಾಡೆಲ್‌ನ ಪೆಟ್ರೋಲ್ ಕಾರುಗಳನ್ನು ಅಲ್ಲಿ ಓಬಿಡಿ ಸಾಕೆಟ್ ಮೂಲಕವೇ ಪರೀಕ್ಷಿಸುತ್ತಾರೆ. ಲೈಟ್ ಉರಿದರೆ ಫೇಲ್. ಹಾಗಂತ ಹಿಂದಿನ ದಿನ ಅಳಿಸಿಕೊಂಡು ಹೋದರೂ ಫೇಲ್, ಯಾಕಂದರೆ ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ಗುರುತುಗಳೂ ಅಳಿಸಿ ಹೋಗಿರುತ್ತವೆ. ಅವು ಮತ್ತೆ ತುಂಬಲು ಕೆಲವು ದಿನ ಊರೊಳಗೂ ಹೈವೇಯಲ್ಲೂ ಓಡಿಸಬೇಕು. ರಿಪೇರಿ ಮುಗಿದ ಮೇಲೆ ಅಳಿಸಿ, ಟೆಸ್ಟಿಗೆ ಎರಡು ವಾರ ಇರುವಾಗಲೇ.

ಈ ವಾರ ಲೈಟ್ ಬಂದ ತಕ್ಷಣ ಕೋಡ್, ಫ್ರೀಜ್ ಫ್ರೇಮಿನ ಅಂಕಿಗಳು, ಟ್ಯಾಂಕ್ ಎಷ್ಟು ತುಂಬಿತ್ತು, ಹಿಂದಿನ ದಿನ ಮಳೆಯೋ ಕಾರ್ ವಾಶೋ ಆಗಿತ್ತಾ, ಇಷ್ಟನ್ನು ಬರೆದುಕೊಂಡು ಇಲ್ಲಿ ಹಾಕಿ. ಕೂತು ನೋಡೋಣ.