ಚಿಕ್ಕಪ್ಪ ಸಾಕ್ಷಿ ಹೇಳಬೇಕು, ಊರಲ್ಲಿ ಹೆದರಿಸ್ತಿದ್ದಾರೆ. ಏನು ಮಾಡೋದು?

ಪ್ರಶ್ನೆ (ಬಾಗೇಪಲ್ಲಿ ತಾಲ್ಲೂಕು):
ಮೇಡಂ, ನಮಸ್ತೆ. ಹೋದ ವರ್ಷ ನಮ್ಮೂರಲ್ಲಿ ದಲಿತ ಕೇರಿಯ ಹುಡುಗನಿಗೆ ಹೊಡೆದು ಅಟ್ರಾಸಿಟಿ ಕೇಸು (ದಲಿತರ ಮೇಲಿನ ದೌರ್ಜನ್ಯದ ಕೇಸು) ಆಗಿದೆ. ನಮ್ಮ ಚಿಕ್ಕಪ್ಪ ಕಣ್ಣಾರೆ ನೋಡಿದ್ದಾರೆ. ಪೊಲೀಸರ ಮುಂದೆ ಹೇಳಿಕೆಯನ್ನೂ ಕೊಟ್ಟಿದ್ದಾರೆ. ಈಗ ಚಿಕ್ಕಬಳ್ಳಾಪುರ ಕೋರ್ಟಿನಿಂದ ಸಮನ್ಸ್ ಬಂದಿದೆ. ಆ ಕಡೆಯವರು ಮನೆ ಹತ್ತಿರ ಬಂದು, "ನೋಡಿಲ್ಲ ಅಂತ ಹೇಳು, ಇಲ್ಲಾಂದ್ರೆ ಊರಲ್ಲಿ ಹೇಗೆ ಬಾಳ್ತೀಯೋ ನೋಡ್ತೀವಿ" ಅಂದು ಹೋದರು. ಚಿಕ್ಕಮ್ಮ ಹೋಗೋದೇ ಬೇಡ ಅಂತಾರೆ. ಚಿಕ್ಕಪ್ಪನಿಗೆ ಸುಳ್ಳು ಹೇಳೋಕೆ ಮನಸ್ಸಿಲ್ಲ.

ಉತ್ತರ (ವಕೀಲರು, ಚಿಕ್ಕಬಳ್ಳಾಪುರ):
ತಮ್ಮಾ, ಚಿಕ್ಕಮ್ಮನ ಭಯ ಸುಮ್ನೆ ಭಯ ಅಲ್ಲ. ಆದರೆ ಸಮನ್ಸ್ ಬಂದ ಮೇಲೆ ಹೋಗದೆ ಇದ್ದರೆ ವಾರಂಟ್ ಬರಬಹುದು. ಹೋಗಲಿ, ಆದರೆ ಒಬ್ಬರೇ ಹೋಗೋದು ಬೇಡ.

ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆ ಇದೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ, ಇಡೀ ದೇಶ ಪಾಲಿಸಬೇಕು ಅಂತ ಹೇಳಿತು. ಅದರಂತೆ ಪ್ರತಿ ಜಿಲ್ಲೆಗೂ ಒಂದು ಸಮಿತಿ. ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರೂ ಇರುತ್ತಾರೆ. ಸರ್ಕಾರಿ ವಕೀಲರ ಮುಖ್ಯಸ್ಥರು ಕಾರ್ಯದರ್ಶಿ, ಅರ್ಜಿ ಅವರ ಮೂಲಕ ಹೋಗಬೇಕು. ಡಿವೈಎಸ್‌ಪಿ ವಿಚಾರಿಸಿ, ಅರ್ಜಿಯ ಮೇಲೆ ಆದೇಶ ಬಂದ 5 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಮನೆ ಹತ್ತಿರ ಪೊಲೀಸ್ ಗಸ್ತು, ಕೋರ್ಟಿಗೆ ಕರೆದುಕೊಂಡು ಹೋಗಿ ವಾಪಸ್ ಬಿಡೋದು, ಆರೋಪಿಗಳು ಎದುರಿಗೆ ಬರದ ಹಾಗೆ ಸಾಕ್ಷಿ ತಗೊಳ್ಳೋದು, ಇವೆಲ್ಲವನ್ನೂ ಕೇಳಬಹುದು. ರಕ್ಷಣೆಯನ್ನು ಒಂದು ಸಲಕ್ಕೆ 3 ತಿಂಗಳವರೆಗೆ ಕೊಡುತ್ತಾರೆ.

ಇವತ್ತೇ ಒಂದು ಕೆಲಸ ಮಾಡು. ಯಾರು ಬಂದಿದ್ದರು, ಯಾವ ದಿನ, ಎಷ್ಟು ಹೊತ್ತಿಗೆ, ಏನಂದರು, ಯಾರು ಕೇಳಿಸಿಕೊಂಡರು, ಎಲ್ಲ ಬರೆದಿಡು. ಸುಳ್ಳು ಸಾಕ್ಷಿ ಹೇಳು ಅಂತ ಹೆದರಿಸೋದೇ ಬೇರೆ ಅಪರಾಧ. ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಮೊದಲು ಕೊಟ್ಟ ಹೇಳಿಕೆಗೇ ತಿರುಗಿಬಿದ್ದರು. 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆ ಆದರು. 2014ರಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜೀವ ಹೋಗಿದ್ದಂತೂ ನಿಜ, ಶಿಕ್ಷೆ ಮಾತ್ರ ಒಬ್ಬರಿಗೂ ಆಗಲಿಲ್ಲ. ನಾನು ಈ ಕೆಲಸಕ್ಕೆ ಬಂದ ಮೇಲೆ ಆ ಕೇಸು ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ನಾವು ನಾಲ್ಕೈದು ವಕೀಲರು ಸೇರಿ, ಸಾಕ್ಷಿಗಳ ಜೊತೆ ಬಸ್ ಸ್ಟ್ಯಾಂಡಿನಿಂದಲೇ ನಡೆದು ಬರುತ್ತೇವೆ. ಸಣ್ಣ ಕೆಲಸ ಅನ್ನಿಸಬಹುದು. ಕೋರ್ಟಿನ ಮೆಟ್ಟಿಲಲ್ಲಿ ಹತ್ತು ಜನ ದಿಟ್ಟಿಸಿ ನೋಡುವಾಗ ಪಕ್ಕದಲ್ಲಿ ಒಬ್ಬರು ಇದ್ದರೆ ಎಷ್ಟು ಧೈರ್ಯ ಬರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು.

ಅದೇ ಪ್ರಶ್ನೆಯವರು:
ಮೇಡಂ, ಇನ್ನೊಂದು. ಚಿಕ್ಕಪ್ಪನಿಗೆ ತೆಲುಗು ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೇ. ಕೂಲಿ ಬಿಟ್ಟು ಬರಬೇಕು ಬೇರೆ.

ಉತ್ತರ:
ಒಳ್ಳೆಯದಾಯ್ತು ಕೇಳಿದ್ದು. ಇಲ್ಲಿ ಎಷ್ಟೋ ಸಾಕ್ಷಿಗಳು ಸೋಲುವುದು ಭಾಷೆಯಲ್ಲೇ. ಮನೆಯಲ್ಲಿ ತೆಲುಗು, ಕೇಳೋದು ಕನ್ನಡದಲ್ಲಿ. ಗೊತ್ತಾಗದೆ "ಹೂಂ" ಅಂದುಬಿಡುತ್ತಾರೆ. ಆ ಒಂದು "ಹೂಂ" ಕೇಸನ್ನೇ ಮುಳುಗಿಸುತ್ತದೆ. ಚಿಕ್ಕಪ್ಪ ತೆಲುಗಿನಲ್ಲೇ ಹೇಳಬಹುದು. ಬರೆದುಕೊಂಡಿದ್ದನ್ನು ಅವರಿಗೆ ಓದಿ ಹೇಳಬೇಕು, ಅರ್ಥವಾಗದ ಭಾಷೆಯಾದರೆ ತೆಲುಗಿನಲ್ಲಿ ತಿಳಿಸಬೇಕು ಅಂತ ಕಾನೂನೇ ಹೇಳುತ್ತೆ. ತಪ್ಪಿದ್ದರೆ ಅಲ್ಲೇ ಹೇಳಬಹುದು. ಸಹಿ ಹಾಕುವ ಮೊದಲು "ಒಂದ್ಸಲ ಓದಿ ಹೇಳಿ ಸ್ವಾಮಿ" ಅಂತ ಕೇಳೋಕೆ ಹಿಂಜರಿಯಬಾರದು.

ಬಸ್ ಚಾರ್ಜು, ದಿನಗೂಲಿ ಎರಡೂ ಸಿಗಬೇಕು. ಅಟ್ರಾಸಿಟಿ ಕಾಯ್ದೆಯ 1995ರ ನಿಯಮಗಳ ಪ್ರಕಾರ ಕೂಲಿ ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು, 3 ದಿನದೊಳಗೆ ಕೈಗೆ ಬರಬೇಕು. ಕೇಳದೆ ಇದ್ದರೆ ಯಾರೂ ಕೊಡಲ್ಲ. ಹುಡುಗನ ಮನೆಯವರಿಗೂ ಹೇಳು: ಆರೋಪಿಗಳ ಜಾಮೀನು ಅರ್ಜಿ ಬಂದರೆ ಈ ಮನೆಯವರಿಗೆ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು. ಅವರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲಿ.

ಇನ್ನೊಬ್ಬರು (ಕಿರಿಯ ವಕೀಲರು, ಕೋಲಾರ):
ಮೇಡಂ, ಸಾಕ್ಷಿಗಳಿಗೆ ಈ ದುಡ್ಡು ಬರೋದೇ ಇಲ್ಲ ಅಲ್ವಾ? ಇದರ ಮೇಲೆ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಬಹುದಾ?

ಉತ್ತರ:
ಹಾಕಬಹುದು. ಆದರೆ "ಬರೋದೇ ಇಲ್ಲ" ಅನ್ನುವ ಮಾತು ಹೈಕೋರ್ಟಿನಲ್ಲಿ ನಿಲ್ಲಲ್ಲ. 10 ರೂಪಾಯಿ ಕಟ್ಟಿ ಡಿಸಿ ಆಫೀಸಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಮೂರು ವರ್ಷದಲ್ಲಿ ಎಷ್ಟು ಸಾಕ್ಷಿಗಳಿಗೆ ಕೊಟ್ಟಿದ್ದೀರಿ, ಎಷ್ಟು ದಿನಕ್ಕೆ ಕೊಟ್ಟಿದ್ದೀರಿ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. 1979ರಲ್ಲಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಬಿಹಾರದ ವಿಚಾರಣಾ ಕೈದಿಗಳ ಪರ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಕೈಯಲ್ಲಿ ಇದ್ದದ್ದು ಪತ್ರಿಕೆ ವರದಿ. ವರ್ಷಗಟ್ಟಲೆ ವಿಚಾರಣೆ ಇಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದವರ ಹೆಸರುಗಳೇ ಅದರಲ್ಲಿ ಇದ್ದವು. ನಿಮ್ಮ ಹತ್ತಿರವೂ ಹಾಗೆ ಹೆಸರು, ತಾರೀಖು, ಲೆಕ್ಕ ಇರಲಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ, ನಮ್ಮ ಜಿಲ್ಲೆಯದನ್ನು ನಾನು ಹಾಕುತ್ತೇನೆ. ಎರಡನ್ನೂ ಸೇರಿಸೋಣ.

ಮೊದಲ ಪ್ರಶ್ನೆಯವರು:
ಚಿಕ್ಕಮ್ಮನಿಗೆ ಎಲ್ಲ ಓದಿ ಹೇಳಿದೆ ಮೇಡಂ. ತಾನೂ ಜೊತೆಗೆ ಬರ್ತೀನಿ ಅಂದರು.

ಉತ್ತರ:
ಕರೆದುಕೊಂಡು ಬಾ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೋರ್ಟ್ ಗೇಟಿನ ಹತ್ತಿರ ಇರುತ್ತೇನೆ. ಸಮನ್ಸ್ ಪ್ರತಿ, ಚಿಕ್ಕಪ್ಪನ ಆಧಾರ್, ನೀನು ಬರೆದಿಟ್ಟ ಹಾಳೆ ತಗೊಂಡು ಬಾ. ಮೊದಲು ರಕ್ಷಣೆಯ ಅರ್ಜಿ ಕೊಡೋಣ.