ಒಂಬತ್ತು ವರ್ಷದಿಂದ ಒಬ್ಬರೇ ಪ್ರತಿನಿಧಿ: ಸಂಘ ಒಡೆಯದ ಹಾಗೆ ಬದಲಾಯಿಸೋದು ಹೇಗೆ?

ಪ್ರಶ್ನೆ (ಹೆಸರು ಬೇಡ ಎಂದಿರುವ ಸದಸ್ಯೆ, ಚನ್ನರಾಯಪಟ್ಟಣದ ಕಡೆಯವರು)

ಮೇಡಂ ನಮಸ್ತೆ. ನಮ್ಮ ಸ್ವಸಹಾಯ ಸಂಘದಲ್ಲಿ 14 ಜನ ಇದ್ದೀವಿ. ಶುರುವಾಗಿ ಒಂಬತ್ತು ವರ್ಷ ಆಯ್ತು. ಅವತ್ತಿಂದ ಇವತ್ತಿನವರೆಗೂ ಮೊದಲನೇ ಪ್ರತಿನಿಧಿ ಒಬ್ಬರೇ. ನಮ್ಮ ಬೀದಿಯಲ್ಲಿ ಪಿಯುಸಿ ಓದಿದ ಮೊದಲ ಸೊಸೆ ಅವರು, ಸಂಘ ಕಟ್ಟಿದ್ದೂ ಅವರೇ. ಬ್ಯಾಂಕಿಗೆ ಅವರೇ ಹೋಗ್ತಾರೆ, ಪುಸ್ತಕಗಳು ಅವರ ಮನೇಲೇ ಇರುತ್ತೆ, ಸಾಲ ಯಾರಿಗೆ ಅನ್ನೋದು ಸಭೆಗೆ ಬರೋ ಮುಂಚೇನೇ ತೀರ್ಮಾನ ಆಗಿರುತ್ತೆ. ಎರಡನೇ ಪ್ರತಿನಿಧಿ ತೋರಿಸಿದ ಕಡೆ ಸಹಿ ಹಾಕ್ತಾರೆ ಅಷ್ಟೇ.

ದುಡ್ಡು ತಿಂದಿದ್ದಾರೆ ಅಂತ ನಾನು ಹೇಳ್ತಿಲ್ಲ, ನನಗೆ ಹಾಗೆ ಅನ್ನಿಸಿಯೂ ಇಲ್ಲ. ಆದರೆ ನನ್ನ ಪಾಸ್ ಪುಸ್ತಕ ಕಣ್ಣಿಗೆ ಬಿದ್ದು ಎರಡು ವರ್ಷ ಆಯ್ತು. ಹೋದ ತಿಂಗಳು ಒಬ್ಬರು ಲೆಕ್ಕ ಕೇಳಿದ್ದಕ್ಕೆ "ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ನೀವೇ ನಡೆಸ್ಕೊಳ್ಳಿ" ಅಂತ ಪುಸ್ತಕ ಚಾಪೆ ಮೇಲೆ ಹಾಕಿ ಎದ್ದು ಹೋದರು. ಸಂಜೆ ನಾವೇ ಮೂರು ಜನ ಅವರ ಮನೆಗೆ ಹೋಗಿ ಸಮಾಧಾನ ಮಾಡಿ ಕರ್ಕೊಂಡು ಬಂದ್ವಿ. ಬ್ಯಾಂಕಿನ ಕೆಲಸ ಬೇರೆ ಯಾರಿಗೂ ಗೊತ್ತಿಲ್ಲವಲ್ಲ. ಅವರು ನನಗೆ ವಾರಗಿತ್ತಿ ಬೇರೆ. ಸಂಘವೂ ಒಡೀಬಾರದು, ಮನೆಯೂ ಒಡೀಬಾರದು. ಏನು ಮಾಡೋದು?

ಉತ್ತರ (ತರಬೇತುದಾರರು, 22 ವರ್ಷದಿಂದ ಸಂಘಗಳ ಜೊತೆ ಕೆಲಸ)

ಸಂಜೆ ಮೂರು ಜನ ಹೋಗಿ ಕರ್ಕೊಂಡು ಬಂದಿರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಅವರಿಗಿರುವ ಅಧಿಕಾರ ಪ್ರತಿನಿಧಿ ಅನ್ನೋ ಹುದ್ದೆಯಿಂದ ಬಂದಿದ್ದಲ್ಲ. ಪುಸ್ತಕ ಅವರ ಮನೇಲಿದೆ, ಬ್ಯಾಂಕಿನವರು ಮುಖ ನೋಡಿ ಗುರುತಿಸೋದು ಅವರೊಬ್ಬರನ್ನೇ, ಯಾವ ಫಾರಂ ಎಲ್ಲಿ ತುಂಬಬೇಕು ಅನ್ನೋದು ಅವರೊಬ್ಬರಿಗೇ ಗೊತ್ತು. ಅಧಿಕಾರ ಇರೋದು ಈ ಮೂರರಲ್ಲಿ. ಹಾಗಾಗಿ ನಾಳೆ ಕೈ ಎತ್ತಿಸಿ ಅವರನ್ನ ಇಳಿಸಿ ಇನ್ನೊಬ್ಬರನ್ನ ಕೂರಿಸಿದರೆ, ಆ ಇನ್ನೊಬ್ಬರೂ ಒಬ್ಬರೇ ಬ್ಯಾಂಕಿಗೆ ಹೋಗ್ತಾರೆ. ಎರಡು ವರ್ಷ ಬಿಟ್ಟು ಇದೇ ಪ್ರಶ್ನೆ ಹೆಸರು ಬದಲಾಗಿ ಮತ್ತೆ ಬರುತ್ತೆ. ಹಾಗೆ ಆದ ಸಂಘಗಳನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಇದು ನಿಮ್ಮ ವಾರಗಿತ್ತಿಯ ಗುಣದ ಪ್ರಶ್ನೆಯೂ ಅಲ್ಲ. ರಾಬರ್ಟ್ ಮಿಶೆಲ್ಸ್ ಅನ್ನೋ ಸಮಾಜಶಾಸ್ತ್ರಜ್ಞ 1911ರಲ್ಲೇ ಇದನ್ನ ಬರೆದಿದ್ದ. ಅವನು ನೋಡಿದ್ದು ಮುಖ್ಯವಾಗಿ ಜರ್ಮನಿಯ ಸಮಾಜವಾದಿ ಪಕ್ಷವನ್ನ, ಅಂದರೆ ಸಮಾನತೆಗಾಗಿಯೇ ಹುಟ್ಟಿದ ಪಕ್ಷವನ್ನ. ಅಲ್ಲೂ ಕೆಲಸ ಬಲ್ಲ ನಾಲ್ಕು ಜನರ ಕೈಗೆ ಎಲ್ಲ ಸೇರಿಕೊಂಡಿತ್ತು. ಉಳಿದವರಿಗೆ ಅವರಿಲ್ಲದೆ ಆಗಲ್ಲ ಅನ್ನೋ ಸ್ಥಿತಿ, ಅವರಿಗೋ ನಾವಿಲ್ಲದೆ ಆಗಲ್ಲ ಅನ್ನೋ ಭಾವನೆ.

ನಮ್ಮ ರಾಜ್ಯದ ಕಥೆಯೂ ಕೇಳಿ. ಸ್ವಸಹಾಯ ಸಂಘ ಅನ್ನೋದು ಇಲ್ಲಿ ಹುಟ್ಟಿದ್ದೇ ಇಂಥ ಜಗಳದಿಂದ. 1980ರ ದಶಕದ ನಡುವೆ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನ ಕಟ್ಟಿಸಿತ್ತು, ಒಂದೊಂದರಲ್ಲೂ ನೂರರ ಆಸುಪಾಸು ಜನ. ಮುಂದಾಳುಗಳ ಮೇಲೆ ನಂಬಿಕೆ ಹೋಗಿ ಹಲವು ಒಡೆದವು. ಸದಸ್ಯರು "ಸಾಲ ತೀರಿಸ್ತೀವಿ, ಆದರೆ ಆ ಸಂಘಕ್ಕೆ ಕಟ್ಟಲ್ಲ" ಅಂತ ಪಟ್ಟು ಹಿಡಿದು, ತಮಗೆ ಪರಸ್ಪರ ಹೊಂದಿಕೆ ಇರೋ ಹದಿನೈದು ಇಪ್ಪತ್ತು ಜನರ ಚಿಕ್ಕ ಗುಂಪು ಮಾಡಿಕೊಂಡರು. ಆ ಚಿಕ್ಕ ಗುಂಪುಗಳನ್ನ ನೋಡಿಯೇ 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಅನುದಾನ ಕೊಟ್ಟಿದ್ದು. 1992ರಲ್ಲಿ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರುವಾಗಿದ್ದೂ ಅದರ ಮುಂದುವರಿಕೆ. ಒಬ್ಬರ ಕೈಯಲ್ಲಿ ಎಲ್ಲ ಇರೋದು ಬೇಡ ಅಂತ ಎದ್ದು ಬಂದವರು ಕಟ್ಟಿದ್ದು ಈ ಪದ್ಧತಿ. ಅದನ್ನ ನೆನೆದಾಗ ನಿಮ್ಮ ಪ್ರಶ್ನೆ ಓದಿ ನನಗೆ ನಿಜವಾಗಿ ಸಂಕಟ ಆಯ್ತು.

ಈಗ ಮಾಡಬೇಕಾದ್ದು. "ಬದಲಾವಣೆ" ಅನ್ನೋ ಮಾತನ್ನ ಮೂರು ತಿಂಗಳು ಎತ್ತಬೇಡಿ. ಮೊದಲು ನೀವೊಬ್ಬರೇ ಅವರ ಮನೆಗೆ ಹೋಗಿ, ಕೈಕೆಲಸ ಮಾಡ್ತಾ ಮಾತಾಡಿ. ಒಂಬತ್ತು ವರ್ಷ ಕೂಲಿ ಬಿಟ್ಟು ಬ್ಯಾಂಕಿಗೆ ಓಡಾಡಿದ್ದು ನಮಗೆಲ್ಲ ನೆನಪಿದೆ ಅಂತ ಬಾಯಿಬಿಟ್ಟು ಹೇಳಿ. ಇದನ್ನ ಯಾರೂ ಅವರಿಗೆ ಹೇಳಿರೋ ಹಾಗೆ ಕಾಣಲ್ಲ. ಆಮೇಲೆ ಒಂದೇ ಒಂದು ಕೇಳಿ: ಪ್ರತಿ ಸಭೆಯ ಕೊನೆಗೆ ಎಲ್ಲರ ಉಳಿತಾಯ, ಸಾಲದ ಬಾಕಿ, ಬ್ಯಾಂಕಿನಲ್ಲಿರೋ ಮೊತ್ತ, ಇಷ್ಟನ್ನ ಗಟ್ಟಿಯಾಗಿ ಓದೋಣ್ವಾ ಅಂತ.

ಪಾವಗಡ ತಾಲ್ಲೂಕಿನ ಒಂದು ಊರಲ್ಲಿ ಹೀಗೆ ಮೊದಲ ಸಲ ಓದಿಸಿದಾಗ ನಾನಿದ್ದೆ. ಬೇವಿನ ಮರದ ಕೆಳಗೆ ಸಭೆ. ಓದು ಬರಹ ಬಾರದ ಒಬ್ಬ ಅಜ್ಜಿ, ತನ್ನ ಹೆಸರಿನ ಮುಂದೆ ಉಳಿತಾಯ 1,830 ಅಂತ ಪ್ರತಿನಿಧಿ ಓದಿದ ಕೂಡಲೇ, ತಲೆ ಅಲ್ಲಾಡಿಸಿ ಮನೆಗೆ ಹೋದಳು. ವಾಪಸ್ ಬಂದಾಗ ಕೈಯಲ್ಲಿ ಒಂದು ಡಬ್ಬಿ. ವಾರಕ್ಕೆ ಹತ್ತು ರೂಪಾಯಿ ಕಟ್ಟಿದಾಗಲೆಲ್ಲ ಅದಕ್ಕೆ ಒಂದೊಂದು ಹುಣಸೆ ಬೀಜ ಹಾಕಿಟ್ಟಿದ್ದಳು. ಚಾಪೆ ಮೇಲೆ ಸುರಿದು ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದ್ವಿ. 187 ಬೀಜ. ಪ್ರತಿನಿಧಿ ಕಣ್ಣಲ್ಲಿ ನೀರು ತುಂಬಿಕೊಂಡು ಪುಸ್ತಕ ತಿರುವಿದಳು. ಕಡಲೆಕಾಯಿ ಕೀಳೋ ಕಾಲದಲ್ಲಿ ನಾಲ್ಕು ವಾರ ಅಜ್ಜಿ ಪಕ್ಕದ ಮನೆ ಹುಡುಗನ ಕೈಲಿ ದುಡ್ಡು ಕಳಿಸಿದ್ದಳು, ಅದು ಆ ಹುಡುಗನ ತಾಯಿಯ ಖಾತೆಗೆ ಹೋಗಿತ್ತು. ಪ್ರತಿನಿಧಿಯೇ ಹುಡುಕಿ, ಅಲ್ಲೇ ತಿದ್ದಿ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿದಳು. ಅವತ್ತು ಗಟ್ಟಿಯಾಗಿ ಓದದೇ ಇದ್ದಿದ್ದರೆ ಆ 40 ರೂಪಾಯಿ ಮುಂದೊಂದು ದಿನ "ತಿಂದಳು" ಅನ್ನೋ ಮಾತಾಗ್ತಿತ್ತು. ಲೆಕ್ಕ ಓದೋದರಿಂದ ಮೊದಲು ಉಳಿಯೋದು ಪ್ರತಿನಿಧಿಯ ಮಾನ. ಇದನ್ನ ನಿಮ್ಮ ವಾರಗಿತ್ತಿಗೆ ಇದೇ ಮಾತಲ್ಲಿ ಹೇಳಿ.

ಎರಡನೇ ತಿಂಗಳಿಂದ ಬ್ಯಾಂಕಿಗೆ ಅವರ ಜೊತೆ ಇನ್ನಿಬ್ಬರು ಹೋಗಲಿ, ಪ್ರತಿ ಸಲ ಬೇರೆ ಇಬ್ಬರು. ಚಲನ್ ಆ ಇಬ್ಬರೇ ತುಂಬಲಿ. ಸಭೆಯನ್ನ ನಡೆಸೋದೂ ಸರದಿ ಮೇಲೆ ಆಗಲಿ: ಈ ವಾರ ಒಬ್ಬರು ಅಧ್ಯಕ್ಷತೆ, ಮುಂದಿನ ವಾರ ಇನ್ನೊಬ್ಬರು. ಮೊದಲೆರಡು ವಾರ ನಗು, ನಾಚಿಕೆ ಎಲ್ಲ ಇರುತ್ತೆ, ಇರಲಿ.

ಸಂಘ ಗಟ್ಟಿಯಿದೆಯಾ ಅಂತ ನೋಡೋಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೀನಿ. ಪ್ರತಿನಿಧಿ ಹದಿನೈದು ದಿನ ತವರಿಗೆ ಹೋದರೆ ಸಭೆ ನಡೆಯುತ್ತಾ? 1939ರಲ್ಲಿ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಎಲ್ಲವನ್ನೂ ತಾನೇ ಹೇಳಿ ಮಾಡಿಸುವ ಮುಂದಾಳು ಕೋಣೆಯಿಂದ ಆಚೆ ಹೋದ ಕೂಡಲೇ ಹುಡುಗರ ಕೆಲಸ ಬಿದ್ದುಹೋಯ್ತು. ಎಲ್ಲರನ್ನೂ ಕೇಳಿ ಮಾಡುವ ಮುಂದಾಳಿನ ಗುಂಪಲ್ಲಿ ಅವನು ಹೋದ ಮೇಲೂ ಕೆಲಸ ಹೆಚ್ಚುಕಮ್ಮಿ ಹಾಗೇ ಸಾಗಿತು. ನಿಮ್ಮ ಸಂಘ ಹದಿನೈದು ದಿನ ನಡೆಯೋ ಹಾಗಾದಾಗ, ಆಗ ಬದಲಾವಣೆಯ ನಿರ್ಣಯ ಬರೆಯಿರಿ. ಇಬ್ಬರು ಪ್ರತಿನಿಧಿಗಳನ್ನೂ ಒಟ್ಟಿಗೆ ಇಳಿಸಬೇಡಿ. ವರ್ಷಕ್ಕೊಬ್ಬರು ಬದಲಾಗಲಿ, ಹಳಬರೊಬ್ಬರು ಯಾವಾಗಲೂ ಜೊತೆಗಿರಲಿ.

ಕಾಮೆಂಟ್ (ಒಬ್ಬ ಪ್ರತಿನಿಧಿ, ಹಾವೇರಿ ಜಿಲ್ಲೆ)

ಮೇಡಂ, ನಾನೂ ಏಳು ವರ್ಷದಿಂದ ಪ್ರತಿನಿಧಿ ಅದೀನಿ. ಓದಿ ಬಾಳ ಬ್ಯಾಸರಾತು. ಯಾರೂ ಮಾಡಂಗಿಲ್ಲ ಅಂದಾಗ ನಾ ಮಾಡೀನಿ. ಬಸ್ ಚಾರ್ಜ್ ಸೈತ ನಂದ. ಒಬ್ಬಾಕಿ ಸಾಲದ ಕಂತು ಕಟ್ಟದ ಸುಸ್ತಿ ಆದ್ರ ಬ್ಯಾಂಕಿನವ್ರು ಫೋನ್ ಮಾಡೂದು ನನಗ. ಈಗ ಎಲ್ಲಾರೂ ಕೂಡಿ ಲೆಕ್ಕ ಕೇಳ್ತಾರ.

ಉತ್ತರ

ಅಕ್ಕಾ, ನೀವು ಹೇಳಿದ್ದು ಪೂರ್ತಿ ನಿಜ, ಮೊದಲ ಉತ್ತರದಲ್ಲಿ ಇದನ್ನ ನಾನು ಇನ್ನೂ ಒತ್ತಿ ಹೇಳಬೇಕಿತ್ತು. ಸಂಘ ನಡೆಸೋ ಐದು ಸೂತ್ರ, ಪಂಚಸೂತ್ರ, ನಿಮಗೆ ಬಾಯಿಪಾಠ ಇರುತ್ತೆ: ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ. ಐದರಲ್ಲಿ ಎಲ್ಲೂ ಇದನ್ನೆಲ್ಲ ಒಬ್ಬಳೇ ಮಾಡಬೇಕು ಅಂತಿಲ್ಲ. ಬಸ್ ಚಾರ್ಜು, ಹೋದ ದಿನದ ಕೂಲಿ ಸಂಘದ ಖರ್ಚು. ಮುಂದಿನ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ. ಕೇಳೋಕೆ ಸಂಕೋಚ ಪಡಬೇಡಿ. ಪುಕ್ಕಟೆ ಕೆಲಸ ಮಾಡಿದವರಿಗೆ ಲೆಕ್ಕ ಕೇಳಿದಾಗ ಎದೆಗೆ ಚುಚ್ಚುತ್ತೆ, ಅದು ಸಹಜ. ಸುಸ್ತಿ ವಿಷಯಕ್ಕೆ ಬಂದರೆ, ಬ್ಯಾಂಕ್ ಸಾಲ ಕೊಟ್ಟಿರೋದು ಇಡೀ ಸಂಘಕ್ಕೆ. ಫೋನ್ ಬಂದ ಮಾತನ್ನ ಸಭೆಯಲ್ಲಿಟ್ಟು, ಆ ಸದಸ್ಯೆಯ ಮನೆಗೆ ಮೂರು ಜನ ಹೋಗಿ. ನೀವೊಬ್ಬರೇ ಹೋಗಬೇಡಿ.

ಕಾಮೆಂಟ್ (ಸದಸ್ಯೆ, ಶಿರಾ)

ನಮ್ಮಲ್ಲಿ ಪ್ರತಿನಿಧಿ ಸರಿ ಇದ್ದಾರೆ, ಸದಸ್ಯರದ್ದೇ ಜಗಳ. ಕೈಲಿ 60,000 ಇತ್ತು. ಒಬ್ಬರು ಮಗಳ ಕಾಲೇಜ್ ಫೀಸಿಗೆ 50,000, ಇನ್ನೊಬ್ಬರು ಹಸುವಿಗೆ 50,000 ಕೇಳಿದರು. ತಲಾ 30,000 ಕೊಡೋಣ ಅಂತ ಆಯ್ತು. ಈಗ ಇಬ್ಬರಿಗೂ ಸಿಟ್ಟು, ದುಡ್ಡು ಇಬ್ಬರೂ ತಗೊಂಡಿಲ್ಲ. ಸಭೆಯಲ್ಲಿ ಎರಡು ಸಾಲು ಮಾಡಿ ಕೂತ್ಕೋತಾರೆ.

ಉತ್ತರ

ಅರ್ಧ ಅರ್ಧ ಹಂಚೋದು ನ್ಯಾಯದ ಹಾಗೆ ಕಾಣುತ್ತೆ, ಆದರೆ ಅರ್ಧ ಹಸು ಬರಲ್ಲವಲ್ಲ. ಮೇರಿ ಪಾರ್ಕರ್ ಫಾಲೆಟ್ ಅನ್ನೋ ಅಮೆರಿಕದ ಚಿಂತಕಿ ನೂರು ವರ್ಷದ ಹಿಂದೆ ತನ್ನದೇ ಅನುಭವ ಹೇಳ್ತಿದ್ದಳು. ಗ್ರಂಥಾಲಯದ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆಗೀಬೇಕು, ಇವಳಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆಗೆದರು. ಅವರಿಗೆ ಬೇಕಿದ್ದದ್ದು ಗಾಳಿ. ಇವಳಿಗೆ ಬೇಡವಾಗಿದ್ದದ್ದು ನೇರವಾಗಿ ಬೀಸೋ ಗಾಳಿ. ಇಬ್ಬರಿಗೂ ಬೇಕಾದ್ದು ಸಿಕ್ಕಿತು.

ನಿಮ್ಮ ಸಭೆಯಲ್ಲಿ "ಎಷ್ಟು ಬೇಕು" ಅಂತ ಕೇಳಿದ್ದೀರಿ, "ಯಾವತ್ತು ಬೇಕು" ಅಂತ ಕೇಳಿಲ್ಲ ಅನ್ಸುತ್ತೆ. ಫೀಸು ಎರಡು ಕಂತಲ್ಲಿ ಕಟ್ಟಬಹುದಾ? ಹಸು ಕರು ಹಾಕಿದ ಮೇಲೆ ತರೋದಾ? ತಿಂಗಳಿಗೆ ಮರುಪಾವತಿ 15,000 ಬರುತ್ತೆ ಅಂದುಕೊಳ್ಳಿ. ಈಗ ಫೀಸಿನ ಮೊದಲ ಕಂತು 25,000 ಕೊಟ್ಟರೆ 35,000 ಉಳಿಯುತ್ತೆ. ಮುಂದಿನ ತಿಂಗಳ ಮರುಪಾವತಿ ಸೇರಿದರೆ ಹಸುವಿನ 50,000 ಆಯ್ತು. ಅದರ ಮುಂದಿನ ಎರಡು ತಿಂಗಳ 30,000ದಲ್ಲಿ ಫೀಸಿನ ಎರಡನೇ ಕಂತು. ಈ ಲೆಕ್ಕವನ್ನ ನೀವು ಮಾಡಿಕೊಂಡು ಹೋಗಬೇಡಿ. ಆ ಇಬ್ಬರನ್ನೇ ಅಕ್ಕಪಕ್ಕ ಕೂರಿಸಿ, ಅವರ ಕೈಲೇ ಬರೆಸಿ.

ಕಾಮೆಂಟ್

ಲೆಕ್ಕ ಕೊಡದಿದ್ದರೆ ನೇರ ಸಂಘಗಳ ಒಕ್ಕೂಟಕ್ಕೆ ದೂರು ಕೊಡಬಹುದಾ?

ಉತ್ತರ

ಕೊಡಬಹುದು. ಆದರೆ ಮೊದಲು ಸಭೆಯಲ್ಲಿ ಕೇಳಿ, ಕೇಳಿದ್ದನ್ನ ನಡಾವಳಿಯಲ್ಲಿ ಬರೆಸಿ. ಆಮೇಲೂ ಪುಸ್ತಕ ತೋರಿಸದಿದ್ದರೆ ನಿರ್ಣಯದ ಪ್ರತಿ ಇಟ್ಟು ಬ್ಯಾಂಕಿನಿಂದ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ದುಡ್ಡು ನಿಜವಾಗಿ ಕಾಣೆಯಾಗಿದ್ದರೆ ಮನೆ ಮಾತು, ನೆಂಟಸ್ತಿಕೆ ಅಂತ ಮುಚ್ಚಿಡಬೇಡಿ. ಬರಹದಲ್ಲಿ ಒಕ್ಕೂಟಕ್ಕೂ ಬ್ಯಾಂಕಿಗೂ ಕೊಡಿ.

ಪ್ರಶ್ನೆ ಕೇಳಿದ ಸದಸ್ಯೆ (ಐದು ವಾರದ ನಂತರ)

ಮೇಡಂ, ಹೋಗಿ ಮಾತಾಡಿದೆ. ಅವರೆಕಾಯಿ ಸುಲೀತಾ ಕೂತಿದ್ವಿ. ಮೊದಲು ಮುಖ ಬಿಗಿ ಮಾಡಿಕೊಂಡ್ರು. ಆಮೇಲೆ, ಮಗ ಸಣ್ಣವನಿದ್ದಾಗ ಜ್ವರ ಇದ್ರೂ ಬಿಟ್ಟು ಬ್ಯಾಂಕಿಗೆ ಹೋಗಿದ್ದೆ ಅಂತ ಅತ್ತರು. ಮೂರು ಸಭೆಯಿಂದ ಲೆಕ್ಕ ಓದ್ತಿದ್ದಾರೆ. ಪಾಸ್ ಪುಸ್ತಕ ಎಲ್ಲರ ಕೈಗೂ ಬಂತು. ನಿನ್ನೆ ಅವರೇ "ಯುಗಾದಿ ಆದ್ಮೇಲೆ ನನ್ನ ಬಿಡಿಸಿ, ಎರಡನೇಯವರು ಒಂದು ವರ್ಷ ಇರಲಿ" ಅಂದ್ರು. ಎಲ್ಲರೂ ನನ್ನ ಹೆಸರು ಹೇಳ್ತಿದ್ದಾರೆ. ನನಗೆ ಭಯ. ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ 14 ಜನರದ್ದೂ ದಾಖಲೆ ಕೊಡಬೇಕಂತಾ?

ಉತ್ತರ

ಬೇಡ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಂಘದ ಉಳಿತಾಯ ಖಾತೆಗೆ ಪದಾಧಿಕಾರಿಗಳ, ಅಂದರೆ ಪ್ರತಿನಿಧಿಗಳ, ಕೆವೈಸಿ (ಗುರುತು, ವಿಳಾಸದ ದಾಖಲೆ) ಸಾಕು, ಎಲ್ಲ ಸದಸ್ಯರದ್ದು ಬೇಕಿಲ್ಲ. ಎಲ್ಲರೂ ಸಹಿ ಹಾಕಿದ ನಿರ್ಣಯದ ಪ್ರತಿ, ನಿಮ್ಮ ಆಧಾರ್, ಫೋಟೋ ತಗೊಂಡು ಹೋಗಿ. ಬೇರೆ ಏನಾದರೂ ಬೇಕಾ ಅಂತ ಹಿಂದಿನ ದಿನವೇ ಶಾಖೆಯಲ್ಲಿ ಕೇಳಿಕೊಳ್ಳಿ. ನಿಮ್ಮ ವಾರಗಿತ್ತಿಯನ್ನ ಜೊತೆಗೆ ಕರ್ಕೊಂಡು ಹೋಗಿ ಮ್ಯಾನೇಜರ್‌ಗೆ ಅವರಿಂದಲೇ ನಿಮ್ಮ ಪರಿಚಯ ಮಾಡಿಸಿ. ಇನ್ನೂ ಇಬ್ಬರು ಸದಸ್ಯೆಯರೂ ಬರಲಿ. ಆ ದಿನದ ಬಸ್ ಚಾರ್ಜು ನಾಲ್ಕೂ ಜನರದ್ದು ಸಂಘದ ಖರ್ಚಿಗೆ ಬರೆಯಿರಿ. ನಿಮ್ಮ ಅವಧಿ ಯಾವ ತಿಂಗಳಿಗೆ ಮುಗಿಯುತ್ತೆ ಅನ್ನೋದೂ ಅದೇ ನಿರ್ಣಯದಲ್ಲಿ ಇರಲಿ.