ಲಿಟಲ್ ಬ್ರೌನ್ ಜಗ್: ಮಿಷಿಗನ್–ಮಿನೆಸೋಟ ಪಂದ್ಯ ಪ್ರತಿವರ್ಷ ನಡೆಯಬೇಕೇ?

ಗೋಫರ್ ಅಭಿಮಾನಿ: ಅಮೆರಿಕನ್ ಫುಟ್‌ಬಾಲ್ ಆಡುವ ವಿಶ್ವವಿದ್ಯಾಲಯಗಳ ಬಿಗ್ ಟೆನ್ ಒಕ್ಕೂಟವು 2024ರ ವೇಳಾಪಟ್ಟಿಯಲ್ಲಿ ವರ್ಷವರ್ಷವೂ ತಪ್ಪದೆ ನಡೆಯಬೇಕಾದ ಪಂದ್ಯಗಳನ್ನು ಗೊತ್ತುಪಡಿಸಿದಾಗ, ನಮ್ಮ ಮಿನೆಸೋಟಕ್ಕೆ ವಿಸ್ಕಾನ್ಸಿನ್ ಮತ್ತು ಅಯೋವಾ ಸಿಕ್ಕವು; ಗೆದ್ದವರು ಒಯ್ಯುವ 1903ರ ಆ ನೀರಿನ ಜಾಡಿಗಾಗಿ (ಲಿಟಲ್ ಬ್ರೌನ್ ಜಗ್) ಮಿಷಿಗನ್ ಜೊತೆ ನಡೆಯುವ ಪೈಪೋಟಿಯನ್ನು ಕೈಬಿಡಲಾಯಿತು. ಇದು ಅನ್ಯಾಯ.

ನೀಲಿ-ಹಳದಿ: ಪೈಪೋಟಿ ಎಂದರೆ ಎರಡೂ ಕಡೆಯವರು ಗೆಲ್ಲಬೇಕು. 1968ರಿಂದ 2024ರವರೆಗೆ ನೀವು ಗೆದ್ದದ್ದು 1977, 1986, 2005 ಮತ್ತು 2014ರಲ್ಲಿ ಮಾತ್ರ. 2023ರಲ್ಲಿ 52–10ರಿಂದ ಸೋತಿರಿ. ಅಷ್ಟಕ್ಕೂ ಜಾಡಿ ನಮ್ಮದು. ನಮ್ಮ ಮಿಷಿಗನ್ ತಂಡದ ಮ್ಯಾನೇಜರ್ ಟಾಮಿ ರಾಬರ್ಟ್ಸ್ 30 ಸೆಂಟ್ ಕೊಟ್ಟು ಕೊಂಡದ್ದನ್ನು ನೀವು ಎತ್ತಿಟ್ಟುಕೊಂಡಿರಿ.

ಗೋಫರ್ ಅಭಿಮಾನಿ: ಎತ್ತಿಟ್ಟುಕೊಂಡೆವೆಂದು ಯಾವ ಬಾಯಲ್ಲಿ ಹೇಳುತ್ತೀರಿ? 1903ರ ಪಂದ್ಯ 6–6ರಲ್ಲಿ ಸಮವಾಗಿದ್ದಾಗ ಜನ ಮೈದಾನಕ್ಕೆ ನುಗ್ಗಿ ಆಟ ನಿಂತಿತು. ಜಾಡಿಯನ್ನು ಅಲ್ಲೇ ಬಿಟ್ಟು ಹೊರಟವರು ನಿಮ್ಮವರೇ. ಅದು ಸಿಕ್ಕಿದ ಕೂಡಲೇ ನಮ್ಮ ಉಸ್ತುವಾರಿ ನೌಕರ ಆಸ್ಕರ್ ಮನ್ಸನ್ ನಮ್ಮ ಕ್ರೀಡಾ ವಿಭಾಗದ ಮುಖ್ಯಸ್ಥ ಕುಕ್ ಅವರ ಬಳಿಗೆ ಒಯ್ದ. ಕದ್ದವನು ಮೇಲಧಿಕಾರಿಯ ಮುಂದೆ ತಂದಿಡುತ್ತಾನೆಯೇ?

ಹಳೇ ಕಡತ: ಮೇಲಧಿಕಾರಿಯ ಮುಂದಿಟ್ಟ ಮೇಲೆ ಆದದ್ದೇನು? ಆಸ್ಕರ್ ಇದನ್ನು ಸೆರೆಹಿಡಿದನೆಂದು ಜಾಡಿಯ ಮೇಲೆ ಬರೆಸಿ, ಮಿನೆಸೋಟದ 6 ಅನ್ನು ದೊಡ್ಡದಾಗಿಯೂ ಮಿಷಿಗನ್ನಿನ 6 ಅನ್ನು ಪುಟ್ಟದಾಗಿಯೂ ಬಿಡಿಸಿದರು. ಮರೆತ ವಸ್ತುವನ್ನು ಹಿಂದಿರುಗಿಸುವ ಉದ್ದೇಶ ಇದ್ದವರು ಹೀಗೆ ಮಾಡುವುದಿಲ್ಲ.

ಗೋಫರ್ ಅಭಿಮಾನಿ: ಹಿಂದಿರುಗಿಸಲು ದಾರಿಯನ್ನು ಕುಕ್ ಅವರೇ ತೋರಿದ್ದರಲ್ಲ! ನಿಮ್ಮ ತರಬೇತುದಾರ ಯೋಸ್ಟ್ ಪತ್ರ ಬರೆದು ಕೇಳಿದಾಗ, ಬೇಕಿದ್ದರೆ ಬಂದು ಗೆದ್ದುಕೊಂಡು ಹೋಗಿ ಎಂದರು.

ನೀಲಿ-ಹಳದಿ: ಆ ಪತ್ರವನ್ನು ಕಣ್ಣಾರೆ ಕಂಡಿದ್ದೀರಾ? ಎಲ್ಲರೂ ಹೇಳುವ ಕಥೆಯನ್ನೇ ಸಾಕ್ಷಿಯೆಂದು ಮುಂದಿಡಬೇಡಿ. ಎರಡೂ ತಂಡಗಳು ಮತ್ತೆ ಎದುರಾದದ್ದು 1909ರಲ್ಲಿ. ಅಂದು 15–6ರಿಂದ ಗೆದ್ದು ನಮ್ಮ ಸೊತ್ತನ್ನು ನಾವು ತಂದೆವು. ಇದಕ್ಕೆ ದಾಖಲೆ ಇದೆ.

ವೇಳಾಪಟ್ಟಿ: ಪ್ರಶ್ನೆ ಇದ್ದದ್ದು ಪಂದ್ಯ ಪ್ರತಿವರ್ಷ ನಡೆಯಬೇಕೇ ಎಂಬುದು. 2017ರ ಬಳಿಕ 2020, ಅದರ ಬಳಿಕ 2023 ಎಂದು ಕಾಯುವುದಾದರೆ, ಒಬ್ಬ ವಿದ್ಯಾರ್ಥಿಯ ನಾಲ್ಕು ವರ್ಷದ ಓದಿನಲ್ಲಿ ಜಾಡಿಯ ಪಂದ್ಯ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ ಮಾತ್ರ ಬಂದೀತು.

ಗೋಫರ್ ಅಭಿಮಾನಿ: ದಾಖಲೆ ಎಂದಿರಲ್ಲ, ಇದನ್ನೂ ಓದಿ: 1934ರಿಂದ 1942ರವರೆಗೆ ಒಂಬತ್ತು ವರ್ಷ ಸತತವಾಗಿ ಗೆದ್ದವರು ನಾವು. ನಿಮ್ಮ ಟಾಮ್ ಹಾರ್ಮನ್ 1940ರಲ್ಲಿ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದರೂ, ಮಳೆಯಲ್ಲಿ ಆಡಿದ ಆ ವರ್ಷದ ಪಂದ್ಯವೂ ಸೇರಿ ನಮ್ಮನ್ನು ಒಮ್ಮೆಯೂ ಸೋಲಿಸಲಿಲ್ಲ. ಅಂದು 7–6 ಆಗಿತ್ತು.

ನೀಲಿ-ಹಳದಿ: 1940 ಹಾಗಿರಲಿ, 2024ರಲ್ಲಿ 27–24ರಿಂದ ಗೆದ್ದವರು ಯಾರು?

ಗೋಫರ್ ಅಭಿಮಾನಿ: ಒದ್ದ ತಂಡವೇ ಚೆಂಡನ್ನು ಮತ್ತೆ ಹಿಡಿಯಲು ನೋಡುವ ಕೊನೆಯ ಆನ್‌ಸೈಡ್ ಕಿಕ್‌ನಲ್ಲಿ ಚೆಂಡು ನಮ್ಮ ಕೈ ಸೇರಿದ ಮೇಲೆ ಆಫ್‌ಸೈಡ್ (ಒದೆಯುವ ಮೊದಲೇ ಗೆರೆ ದಾಟಿದಿರಿ) ಎಂದು ದಂಡದ ಬಾವುಟ ಎಸೆದವರು ಯಾರು, ಅದನ್ನು ಮೊದಲು ಹೇಳಿ.